ತಾರೆಯರ ಕಾಲಿನ ಹೀಲ್ಸ್ ನಮ್ಮ ಕಾಲಿಗೆ: ಡಿಸೈನರ್ ಶೂ ನೋಡುವ, ಕೊಳ್ಳುವ, ಕಾಪಾಡುವ ಕ್ರಮ

2018ರ ಕಾನ್ ಚಲನಚಿತ್ರೋತ್ಸವದಲ್ಲಿ ನಟಿ ಕ್ರಿಸ್ಟನ್ ಸ್ಟೀವರ್ಟ್ ಕೆಂಪು ಹಾಸಿನ ಮೇಲೆಯೇ ತಮ್ಮ ಹೈಹೀಲ್ಸ್ ಕಳಚಿ, ಕೈಯಲ್ಲಿ ಹಿಡಿದುಕೊಂಡು, ಬರಿಗಾಲಿನಲ್ಲಿ ಮೆಟ್ಟಿಲೇರಿದರು. ಅದಕ್ಕೂ ಎರಡು ವರ್ಷ ಮೊದಲು ಜೂಲಿಯಾ ರಾಬರ್ಟ್ಸ್ ಅದೇ ಉತ್ಸವಕ್ಕೆ ಬರಿಗಾಲಿನಲ್ಲೇ ಬಂದಿದ್ದರು. ಹೆಂಗಸರು ಹೀಲ್ಸ್ ಹಾಕಿಯೇ ಬರಬೇಕೆಂಬ ಅಲ್ಲಿನ ಅಲಿಖಿತ ಕಟ್ಟಳೆಗೆ ಇದು ಪ್ರತಿಭಟನೆಯೆಂದು ಎಲ್ಲರೂ ಓದಿಕೊಂಡರು, ಅದು ಸರಿಯೇ. ಆದರೆ ದುಬಾರಿ ಹೀಲ್ಸ್ ಕೊಳ್ಳಲು ಹೊರಟವರಿಗೆ ಆ ದೃಶ್ಯದಲ್ಲಿ ಇನ್ನೊಂದು ತಿಳಿವಳಿಕೆಯೂ ಇದೆ. ಕಾರಿನ ಬಾಗಿಲಿನಿಂದ ಸಭಾಂಗಣದ ಬಾಗಿಲಿನವರೆಗೆ ನಡೆಯುವ ಕೆಲವೇ ನಿಮಿಷಗಳಲ್ಲಿ ಶೂ ಹೇಗೆ ಕಾಣುತ್ತದೆ ಎಂಬುದನ್ನು ಮಾತ್ರ ತಾರೆಯ ಫೋಟೊ ತೋರಿಸುತ್ತದೆ. ಮೂರು ಗಂಟೆಯ ಆರತಕ್ಷತೆಯಲ್ಲಿ ನಿಂತ ಮೇಲೆ ಅದೇ ಶೂ ಹೇಗಿರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಹೀಗಾಗಿ ಫೋಟೊದಿಂದ ಏನನ್ನು ಕಲಿಯಬಹುದು, ಏನನ್ನು ನಮ್ಮ ಕಾಲನ್ನೇ ಕೇಳಿ ತಿಳಿಯಬೇಕು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.

ಫೋಟೊದಿಂದ ಖಂಡಿತವಾಗಿ ಕಲಿಯಬಹುದಾದದ್ದು ಕಣ್ಣಿಗೆ ಕಾಣುವ ಪ್ರಮಾಣದ ಹೊಂದಾಣಿಕೆ. ಇದಕ್ಕೆ ಒಳ್ಳೆಯ ಪಾಠವೆಂದರೆ 1957ರಲ್ಲಿ ಫ್ರಾನ್ಸಿನ ವಸ್ತ್ರವಿನ್ಯಾಸಕಿ ಗಾಬ್ರಿಯೆಲ್ ಶನೆಲ್ ಅವರು ಪ್ಯಾರಿಸ್‌ನ ಮಾಸಾರೊ ಮನೆತನದ ಶೂ ಕುಶಲಕರ್ಮಿಗಳಿಂದ ಮಾಡಿಸಿದ ಎರಡು ಬಣ್ಣದ ಶೂ. ಅದರ ಮೈಯೆಲ್ಲ ತಿಳಿ ಕಂದು, ಬೆರಳಿನ ತುದಿ ಮಾತ್ರ ಕಪ್ಪು, ಹಿಂದೆ ಒಂದು ಪಟ್ಟಿ. ಚರ್ಮದ ಬಣ್ಣಕ್ಕೆ ಹತ್ತಿರವಾದ ತಿಳಿ ಕಂದು ಕಾಲಿನ ಗೆರೆಯನ್ನು ಮುಂದುವರಿಸಿ ಕಾಲು ಉದ್ದವಾಗಿ ಕಾಣುವಂತೆ ಮಾಡುತ್ತದೆ. ಕಪ್ಪು ತುದಿ ಪಾದವನ್ನು ಚಿಕ್ಕದಾಗಿ ತೋರಿಸುತ್ತದೆ, ಜೊತೆಗೆ ಕೊಳೆಯನ್ನೂ ಮರೆಮಾಡುತ್ತದೆ. ಆ ಶೂವಿನ ಹಿಮ್ಮಡಿ ಎತ್ತರವೇನೂ ಅಲ್ಲ. ಕಾಲು ಉದ್ದ ಕಾಣಬೇಕಾದರೆ ಎತ್ತರವೇ ಬೇಕೆಂದಿಲ್ಲ ಎಂಬುದಕ್ಕೆ ಅದು ಅರುವತ್ತು ವರ್ಷಗಳಿಗೂ ಮೀರಿದ ಸಾಕ್ಷಿ.

2011ರ ಸುಮಾರಿಗೆ ಬ್ರಿಟನ್ನಿನ ಯುವರಾಣಿ ಕೇಟ್ ಅವರು ಒಂದೇ ಜೊತೆ ಮೈಬಣ್ಣದ ಪಂಪ್ಸ್ (ಪಟ್ಟಿಯಿಲ್ಲದ, ಕಾಲು ತೂರಿಸಿ ಹಾಕುವ ಹೀಲ್ಸ್) ಅನ್ನು ಸಮಾರಂಭದ ಮೇಲೆ ಸಮಾರಂಭಕ್ಕೆ ಹಾಕಿಕೊಂಡು ಬಂದು ಸುದ್ದಿಯಾದದ್ದರ ಹಿಂದೆಯೂ ಇದೇ ಗುಟ್ಟಿದೆ. ಆದರೆ ಅಂಗಡಿಯವರು ‘ನ್ಯೂಡ್’ ಎಂದು ತೋರಿಸುವ ಬಣ್ಣ ಬಹಳ ಕಾಲ ಬಿಳಿಯರ ಮೈಬಣ್ಣವೇ ಆಗಿತ್ತು. ನಮ್ಮ ಗೋಧಿ ಬಣ್ಣದ ಅಥವಾ ಎಣ್ಣೆಗಪ್ಪು ಕಾಲಿನ ಮೇಲೆ ಅದು ಬ್ಯಾಂಡೇಜ್ ಸುತ್ತಿದಂತೆ ಕಾಣುತ್ತದೆ. 2013ರಲ್ಲಿ ಫ್ರಾನ್ಸಿನ ಶೂ ವಿನ್ಯಾಸಕ ಕ್ರಿಶ್ಚಿಯನ್ ಲುಬುಟಾನ್ ಅವರು ಐದು ಬೇರೆ ಬೇರೆ ಮೈಬಣ್ಣಗಳಲ್ಲಿ ಒಂದೇ ಬಗೆಯ ಶೂಗಳನ್ನು ತಂದ ಮೇಲೆ ಆಯ್ಕೆ ವಿಸ್ತಾರವಾಗಿದೆ. ಶೂವನ್ನು ಅಂಗೈಯ ಪಕ್ಕದಲ್ಲಿ ಇಟ್ಟು ಬಣ್ಣ ಹೋಲಿಸಬೇಡಿ. ಪಾದದ ಮೇಲ್ಭಾಗಕ್ಕೆ ಹಿಡಿದು, ಹಗಲಿನ ಬೆಳಕಿನಲ್ಲಿ ನೋಡಿ.

ಶೂವಿನ ಬಾಯಿಯ ಕಡೆಗೂ ಕಣ್ಣಿರಲಿ. ಬೆರಳುಗಳ ಬುಡ ಸ್ವಲ್ಪ ಕಾಣುವಷ್ಟು ಬಾಯಿ ತಗ್ಗಾಗಿದ್ದರೆ ಕಾಲು ನೀಳವಾಗಿ ಕಾಣುತ್ತದೆ. ಕಣಕಾಲಿನ ಸುತ್ತ ಅಡ್ಡಲಾಗಿ ಬರುವ ಪಟ್ಟಿ ಅದೇ ಗೆರೆಯನ್ನು ಕತ್ತರಿಸುತ್ತದೆ. ಎತ್ತರದ ನಟಿಗೆ ಈ ಪಟ್ಟಿ ಒಪ್ಪುತ್ತದೆಂದು ಐದಡಿ ಎತ್ತರದವರು ಅದನ್ನೇ ಕೊಂಡರೆ, ಇನ್ನೊಂದಿಂಚು ಕುಳ್ಳಗಾದಂತೆ ಕಂಡೀತು.

ಫೋಟೊದಿಂದ ಕಲಿಯಬಾರದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ತಾರೆಯರ ಚಿತ್ರಗಳನ್ನು ದೊಡ್ಡದು ಮಾಡಿ ಹಿಂಬದಿಯಿಂದ ನೋಡಿದರೆ, ಎಷ್ಟೋ ಸಲ ಹಿಮ್ಮಡಿಗೂ ಶೂವಿಗೂ ನಡುವೆ ಬೆರಳು ತೂರುವಷ್ಟು ಜಾಗ ಕಾಣುತ್ತದೆ. ಕಾಲು ಊದಿಕೊಂಡರೂ ಕಚ್ಚದಿರಲೆಂದು ಬೇಕೆಂದೇ ದೊಡ್ಡ ಅಳತೆಯದನ್ನು ಹಾಕಿಕೊಳ್ಳುವವರೂ ಇದ್ದಾರೆ, ಎರವಲು ತಂದ ಮಾದರಿ ಜೊತೆಯನ್ನೇ ಹೊಂದಿಸಿಕೊಳ್ಳುವವರೂ ಇದ್ದಾರೆ. ನಾವು ಹಾಗೆ ಮಾಡಿದರೆ ಪಾದ ಇಳಿಜಾರಿನಲ್ಲಿ ಜಾರಿದಂತೆ ಮುಂದಕ್ಕೆ ಸರಿದು, ಬೆರಳುಗಳೆಲ್ಲ ತುದಿಯಲ್ಲಿ ಹಿಚುಕಿಕೊಳ್ಳುತ್ತವೆ. ಸಡಿಲವಾದ ಹೀಲ್ಸ್ ಬಿಗಿಯಾದ ಹೀಲ್ಸ್‌ಗಿಂತ ಹೆಚ್ಚು ನೋವು ಕೊಡುತ್ತದೆ ಎಂಬುದು ಅನೇಕರಿಗೆ ಕೊಂಡ ಮೇಲೆಯೇ ತಿಳಿಯುವುದು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಪಾದ ಅಳೆದುಕೊಳ್ಳಬೇಕು. ಸಂಜೆಯ ಹೊತ್ತಿಗೆ ಪಾದ ಕೊಂಚ ಊದಿರುತ್ತದೆಯಾದ್ದರಿಂದ ಅಳತೆಯನ್ನು ಆಗಲೇ ತೆಗೆಯಿರಿ. ಗೋಡೆಗೆ ತಾಗಿಸಿ ನೆಲದ ಮೇಲೆ ಕಾಗದ ಹಾಸಿ, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಬಿಟ್ಟು ನಿಂತು, ಅತಿ ಉದ್ದದ ಬೆರಳಿನ ತುದಿಗೆ ಇನ್ನೊಬ್ಬರಿಂದ ಗುರುತು ಹಾಕಿಸಿ. ಎರಡೂ ಕಾಲುಗಳನ್ನು ಅಳೆಯಬೇಕು, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಟಲಿ, ಫ್ರಾನ್ಸ್‌ಗಳಲ್ಲಿ ತಯಾರಾಗುವ ಶೂಗಳ ಯೂರೋಪಿನ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಇರುವ ಅಂತರ ಸೆಂಟಿಮೀಟರಿನ ಮೂರನೆಯ ಎರಡು ಭಾಗ, ಅಂದರೆ ಸುಮಾರು 6.7 ಮಿಲಿಮೀಟರ್. ಪಾದದ ಉದ್ದಕ್ಕೆ ಒಂದೂವರೆ ಸೆಂಟಿಮೀಟರ್ ಕೂಡಿಸಿ, ಬಂದದ್ದನ್ನು ಒಂದೂವರೆಯಿಂದ ಗುಣಿಸಿದರೆ ಹತ್ತಿರದ ಸಂಖ್ಯೆ ಸಿಗುತ್ತದೆ: ಪಾದ 23.5 ಸೆಂಟಿಮೀಟರ್ ಇದ್ದರೆ ಅಳತೆ ಸುಮಾರು 37.5. ಇದು ಹುಡುಕಾಟ ಶುರು ಮಾಡುವುದಕ್ಕಷ್ಟೇ. ಒಂದು ಕಂಪನಿಯ 37.5 ಇನ್ನೊಂದರ 38ಕ್ಕೆ ಸಮವಾಗಿರಬಹುದು, ಏಕೆಂದರೆ ಶೂವಿನ ಒಳಗಾತ್ರವನ್ನು ನಿರ್ಧರಿಸುವುದು ಡಬ್ಬಿಯ ಮೇಲಿನ ಸಂಖ್ಯೆಯಲ್ಲ, ಅದನ್ನು ಕಟ್ಟಿದ ಅಚ್ಚು. ಇಟಲಿಯ ಫ್ಲಾರೆನ್ಸಿನ ಶೂ ತಯಾರಕ ಸಾಲ್ವತೋರೆ ಫೆರಗಾಮೊ ಅವರು ತಮ್ಮ ಬಳಿಗೆ ಬರುತ್ತಿದ್ದ ಹಾಲಿವುಡ್ ನಟಿಯರೊಬ್ಬೊಬ್ಬರ ಪಾದಕ್ಕೂ ಬೇರೆಯೇ ಮರದ ಅಚ್ಚು ಮಾಡಿಸಿ ಇಡುತ್ತಿದ್ದರು; ಅವರ ಸಂಸ್ಥೆಯ ಸಂಗ್ರಹಾಲಯದಲ್ಲಿ ಆ ಅಚ್ಚುಗಳಿವೆ. ಮರಿಲಿನ್ ಮನ್ರೋ ಅವರ ಹೀಲ್ಸ್ ಅವರಿಗೆ ಅಷ್ಟು ಚೆನ್ನಾಗಿ ಕೂತದ್ದು ಸುಮ್ಮನೆ ಅಲ್ಲ. ನಾವು ಕೊಳ್ಳುವುದು ಯಾರದೋ ಸರಾಸರಿ ಪಾದಕ್ಕೆ ಮಾಡಿದ್ದನ್ನು.

ಇನ್ನು ಎತ್ತರ. ಲುಬುಟಾನ್ ಅವರ ‘ಸೋ ಕೇಟ್’ ಎಂಬ ಪ್ರಸಿದ್ಧ ಮಾದರಿಯ ಹಿಮ್ಮಡಿ 120 ಮಿಲಿಮೀಟರ್, ಮುಂಗಾಲಿನ ಕೆಳಗೆ ದಪ್ಪ ಅಟ್ಟೆಯ ಆಸರೆಯೂ ಇಲ್ಲ. ಹಿಮ್ಮಡಿ 12 ಸೆಂಟಿಮೀಟರ್ ಇದ್ದು ಮುಂದೆ 3 ಸೆಂಟಿಮೀಟರಿನ ದಪ್ಪ ಅಟ್ಟೆ ಇರುವ ಶೂವಿನಲ್ಲಿ ಪಾದಕ್ಕೆ ತಿಳಿಯುವ ಏರು 9 ಸೆಂಟಿಮೀಟರ್ ಮಾತ್ರ. ಆದ್ದರಿಂದ ಹಿಮ್ಮಡಿಯ ಅಳತೆಯಲ್ಲಿ ಮುಂದಿನ ಅಟ್ಟೆಯ ದಪ್ಪವನ್ನು ಕಳೆದು ನೋಡುವುದು ಅಭ್ಯಾಸವಾಗಲಿ. ಇದರ ಜೊತೆಗೆ, ಒಂದೇ ಎತ್ತರದ ಹಿಮ್ಮಡಿ ಚಿಕ್ಕ ಪಾದಕ್ಕೆ ಹೆಚ್ಚು ಕಡಿದಾಗುತ್ತದೆ ಎಂಬುದನ್ನೂ ಮರೆಯಬಾರದು: 25 ಸೆಂಟಿಮೀಟರ್ ಉದ್ದದ ಪಾದಕ್ಕೆ ಗುಡ್ಡದ ಇಳಿಜಾರಾಗಿರುವುದು 22 ಸೆಂಟಿಮೀಟರಿನ ಪಾದಕ್ಕೆ ಏಣಿಯಾಗುತ್ತದೆ. ಬರಿಗಾಲಿನಲ್ಲಿ ತುದಿಗಾಲ ಮೇಲೆ ನಿಂತು, ಗೋಡೆ ಹಿಡಿಯದೆ, ಕಣಕಾಲು ನಡುಗದೆ ಒಂದು ನಿಮಿಷ ಎಷ್ಟು ಎತ್ತರದಲ್ಲಿ ಇರಬಲ್ಲಿರೋ ಅದಕ್ಕಿಂತ ಎತ್ತರದ್ದನ್ನು ಕೊಳ್ಳಬೇಡಿ ಎಂಬುದು ನನ್ನ ಸಲಹೆ. ಇದು ವೈದ್ಯರ ಪರೀಕ್ಷೆಯಲ್ಲ, ಮನೆಮದ್ದಿನ ಲೆಕ್ಕ. ಆದರೆ ನನಗೆ ಹಲವು ಸಾವಿರ ರೂಪಾಯಿ ಉಳಿಸಿಕೊಟ್ಟಿದೆ. ಮೊಣಕಾಲು, ಸೊಂಟದ ನೋವಿರುವವರು ಈ ಲೆಕ್ಕಕ್ಕೂ ಮೊದಲು ತಮ್ಮ ವೈದ್ಯರನ್ನು ಕೇಳುವುದು ಲೇಸು.

ಹೀಲ್ಸ್‌ನ ಜೀವ ಇರುವುದು ಹೊರಗೆ ಕಾಣದ ಒಂದು ಉಕ್ಕಿನ ಪಟ್ಟಿಯಲ್ಲಿ. ಹಿಮ್ಮಡಿಯಿಂದ ಮುಂಗಾಲಿನವರೆಗೆ, ಪಾದದ ಕಮಾನಿನ ಕೆಳಗೆ, ಒಳ ಅಟ್ಟೆಗೂ ಹೊರ ಅಟ್ಟೆಗೂ ನಡುವೆ ಅದನ್ನು ಹುದುಗಿಸಿರುತ್ತಾರೆ. ಅಮೆರಿಕದಲ್ಲಿದ್ದಾಗ ಪಾದದ ಅಂಗರಚನೆಯನ್ನು ಅಭ್ಯಾಸ ಮಾಡಿದ್ದ ಫೆರಗಾಮೊ ಅವರು ಮೈಭಾರವನ್ನು ಕಮಾನು ಹೊರಬೇಕು ಎಂದು ಕಂಡುಕೊಂಡು ಅಲ್ಲಿಗೆ ಉಕ್ಕಿನ ಆಸರೆ ಕೊಟ್ಟರು. ಇಥಿಯೋಪಿಯಾದ ಮೇಲೆ ದಾಳಿ ಮಾಡಿದ ಇಟಲಿಯ ಮೇಲೆ 1935ರಲ್ಲಿ ನಿರ್ಬಂಧಗಳು ಬಿದ್ದು ಒಳ್ಳೆಯ ಉಕ್ಕು ಸಿಗದೆ ಹೋದಾಗ, ಹಿಮ್ಮಡಿಗೂ ಅಟ್ಟೆಗೂ ನಡುವಿನ ಟೊಳ್ಳನ್ನೇ ಕಾರ್ಕಿನಿಂದ ತುಂಬಿಸಿದರು. ನಾವು ಇಂದು ವೆಡ್ಜ್ ಎನ್ನುವುದು ಅದನ್ನೇ. 1938ರಲ್ಲಿ ಹಾಲಿವುಡ್ ನಟಿ ಜೂಡಿ ಗಾರ್ಲೆಂಡ್ ಅವರಿಗಾಗಿ ಮಾಡಿದ ಕಾಮನಬಿಲ್ಲಿನ ಬಣ್ಣಗಳ ಎತ್ತರದ ಸ್ಯಾಂಡಲ್ ಕೂಡ ಆ ಕಾಲದ್ದೇ. ಉಕ್ಕಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಶೂ ವಿನ್ಯಾಸಕ ಮನೋಲೊ ಬ್ಲಾನಿಕ್ ಅವರ ಕತೆಯಿದೆ. 1970ರ ದಶಕದ ಆರಂಭದಲ್ಲಿ ಲಂಡನ್ನಿನ ವಸ್ತ್ರವಿನ್ಯಾಸಕ ಆಸಿ ಕ್ಲಾರ್ಕ್ ಅವರ ಪ್ರದರ್ಶನಕ್ಕೆ ರಬ್ಬರಿನ ಎತ್ತರದ ಹಿಮ್ಮಡಿಗಳನ್ನು ಮಾಡಿಕೊಟ್ಟಾಗ ಬ್ಲಾನಿಕ್ ಅವುಗಳೊಳಗೆ ಉಕ್ಕು ಇಡುವುದನ್ನೇ ಮರೆತರು. ಹಿಮ್ಮಡಿಗಳು ಬಾಗಿ, ರೂಪದರ್ಶಿಯರು ತೂರಾಡುತ್ತ ನಡೆದರು.

ಅಂಗಡಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಒಂದು ಕೈಯಲ್ಲಿ ಹಿಮ್ಮಡಿಯನ್ನೂ ಇನ್ನೊಂದರಲ್ಲಿ ತುದಿಯನ್ನೂ ಹಿಡಿದು ನಿಧಾನವಾಗಿ ಬಗ್ಗಿಸಿ. ಶೂ ಬೆರಳುಗಳ ಬುಡದಲ್ಲಿ ಮಾತ್ರ ಬಾಗಬೇಕು, ನಡುವಿನಲ್ಲಿ ಜಗ್ಗಬಾರದು. ಬಳಿಕ ಗಾಜಿನ ಮೇಜಿನಂಥ ಸಮತಟ್ಟಾದ ಜಾಗದಲ್ಲಿಟ್ಟು ಹಿಂಭಾಗವನ್ನು ಬೆರಳಿನಿಂದ ಮೆಲ್ಲನೆ ತಳ್ಳಿ. ತೊಟ್ಟಿಲಿನಂತೆ ಆಡಿದರೆ ಆ ಜೊತೆಯನ್ನು ಅಲ್ಲೇ ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿದಿದ್ದರೂ ಸರಿ. ಹಿಂದಿನಿಂದ ನೋಡಿದಾಗ ಎರಡೂ ಹಿಮ್ಮಡಿಗಳು ನೆಟ್ಟಗೆ ನಿಂತಿರಬೇಕು. ಒಳಗೆ ಬೆರಳಾಡಿಸಿದರೆ ಹೊಲಿಗೆಯ ಗಂಟು ಸಿಗಬಾರದು. ಇಂದು ಬೆರಳಿಗೆ ಸಿಕ್ಕ ಗಂಟು ನಾಳೆ ಕಾಲಿನ ಬೊಬ್ಬೆಯಾಗುತ್ತದೆ.

ಹಾಕಿ ನೋಡುವಾಗ ಕಾರ್ಪೆಟ್ ಬಿಟ್ಟು ಗಟ್ಟಿ ನೆಲಕ್ಕೆ ಬನ್ನಿ. ಮೆತ್ತನೆಯ ಹಾಸಿನ ಮೇಲೆ ಎಲ್ಲ ಶೂಗಳೂ ಸಾಧುಗಳೇ. ಹೆಬ್ಬೆರಳಿನ ಬುಡದ ಗೆಣ್ಣು ಶೂವಿನ ಅತ್ಯಂತ ಅಗಲದ ಭಾಗದಲ್ಲಿ ಕೂತಿದೆಯೇ, ಕಮಾನು ಒಳ ಅಟ್ಟೆಗೆ ತಾಗಿದೆಯೇ ಎಂದು ನೋಡಿ. ಕಮಾನು ಗಾಳಿಯಲ್ಲಿ ತೇಲುತ್ತಿದ್ದರೆ ಭಾರವೆಲ್ಲ ಮುಂಗಾಲಿಗೆ ಬಿದ್ದು, ಒಂದೆರಡು ವರ್ಷದಲ್ಲಿ ಆಣಿ ಎದ್ದೀತು. ನಡೆಯುವುದಕ್ಕಿಂತ ನಿಲ್ಲುವ ಪರೀಕ್ಷೆ ಮುಖ್ಯ. ಹತ್ತು ನಿಮಿಷ ಒಂದೇ ಕಡೆ ನಿಂತು ಮಾರಾಟಗಾರರೊಡನೆ ಮಾತಾಡಿ. ಹೊತ್ತು ಮೀರಿದಂತೆ ಅವರಿಗೂ ಬೇಸರವಾಗಬಹುದು, ಆಗಲಿ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಮೇಡಂ’ ಎಂಬ ಮಾತನ್ನು ಮೃದು ಚರ್ಮದ ಅಗಲದ ವಿಷಯದಲ್ಲಿ ಮಾತ್ರ ನಂಬಿ. ಯಾವ ಚರ್ಮವೂ ಉದ್ದಕ್ಕೆ ಬೆಳೆಯುವುದಿಲ್ಲ, ಹೊಳಪಿನ ಪೇಟೆಂಟ್ ಚರ್ಮವಂತೂ ಅಗಲಕ್ಕೂ ಹೆಚ್ಚು ಬಿಟ್ಟುಕೊಡುವುದಿಲ್ಲ.

ಸೀರೆಯೊಂದಿಗೆ ಹಾಕುವವರು ಇನ್ನೆರಡು ಸಂಗತಿ ಗಮನಿಸಬೇಕು. ಹೀಲ್ಸ್ ಹಾಕಿಕೊಂಡ ಮೇಲೆಯೇ ಸೀರೆ ಉಡಬೇಕು, ಇಲ್ಲವಾದರೆ ನೆರಿಗೆ ನಾಲ್ಕು ಬೆರಳು ಮೇಲೆ ನಿಂತುಬಿಡುತ್ತದೆ. ಮುಂಭಾಗದಲ್ಲಿ ಕಲ್ಲು, ಬಕಲ್ ಇರುವ ಮಾದರಿ ಫೋಟೊದಲ್ಲಿ ಎಷ್ಟೇ ಚೆಂದ ಕಂಡರೂ ಜರಿ ಅಂಚಿನ ಎಳೆಯನ್ನು ಮೊದಲ ಮೆಟ್ಟಿಲಿನಲ್ಲೇ ಎಳೆದುಕೊಳ್ಳುತ್ತದೆ. ಕಲ್ಯಾಣ ಮಂಟಪದಲ್ಲಿ ಧಾರೆಯ ಹೊತ್ತಿಗೆ ಶೂ ಬಿಟ್ಟು ಹೋಗಬೇಕಾಗುತ್ತದೆ. ಒಂದು ಕೈಯಲ್ಲಿ ಉಡುಗೊರೆ ಹಿಡಿದು ಬಗ್ಗಿ ಸಣ್ಣ ಬಕಲ್ ಬಿಚ್ಚುವ ಪಾಡು ಬೇಡವೆಂದಾದರೆ ಪಟ್ಟಿಯಿಲ್ಲದ, ಸುಲಭವಾಗಿ ಕಳಚುವ ಪಂಪ್ಸ್ ಒಳ್ಳೆಯದು. ಬಾಗಿಲ ಬಳಿಯ ಚಪ್ಪಲಿ ರಾಶಿಯಲ್ಲಿ ಅಷ್ಟು ದುಡ್ಡಿನ ಶೂ ಬಿಟ್ಟು ಹೋಗಲು ಧೈರ್ಯ ಬೇಕು, ನನಗಂತೂ ಇಲ್ಲ. ಮಡಚಿದ ಒಂದು ಬಟ್ಟೆ ಚೀಲ ಸದಾ ಪರ್ಸಿನಲ್ಲಿರುತ್ತದೆ.

ಕೊಂಡ ಶೂವನ್ನು ನೇರವಾಗಿ ಸಮಾರಂಭಕ್ಕೆ ಹಾಕಿಕೊಂಡು ಹೋಗಬಾರದು. ಬ್ರಿಟನ್ನಿನ ರಾಣಿ ಎಲಿಜಬೆತ್ ಅವರ ಹೊಸ ಶೂಗಳನ್ನು ಮೊದಲು ಕೆಲವು ಕಾಲ ಹಾಕಿಕೊಂಡು ಪಳಗಿಸುತ್ತಿದ್ದವರು ಅದೇ ಅಳತೆಯ ಪಾದವಿದ್ದ ಅವರ ಉಡುಪು ಮೇಲ್ವಿಚಾರಕಿ ಏಂಜೆಲಾ ಕೆಲ್ಲಿ. ನಮಗೆ ಅಂಥವರಿಲ್ಲವಾದ್ದರಿಂದ ನಾವೇ ತೆಳುವಾದ ಕಾಲುಚೀಲ ಹಾಕಿಕೊಂಡು, ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂದು ವಾರ ಮನೆಯೊಳಗೆ ಓಡಾಡಬೇಕು. ಕಚ್ಚುವ ಜಾಗ ಯಾವುದೆಂದು ಆಗಲೇ ತಿಳಿದು, ಅಲ್ಲಿಗೆ ಮೊದಲೇ ಪ್ಲಾಸ್ಟರ್ ಅಂಟಿಸಿಕೊಳ್ಳಬಹುದು.

ಲುಬುಟಾನ್ ಶೂಗಳ ಕೆಂಪು ಅಟ್ಟೆ ಹುಟ್ಟಿದ್ದು 1993ರಲ್ಲಿ, ತಯಾರಾದ ಮಾದರಿ ಸಪ್ಪೆಯಾಗಿ ಕಂಡಾಗ ಅವರು ಸಹಾಯಕಿಯ ಉಗುರು ಬಣ್ಣ ತೆಗೆದುಕೊಂಡು ಅಟ್ಟೆಗೆ ಬಳಿದದ್ದರಿಂದ. ಆ ಕೆಂಪಿನ ಹಕ್ಕಿಗಾಗಿ ಮುಂದೆ ಕೋರ್ಟುಗಳಲ್ಲಿ ವ್ಯಾಜ್ಯ ನಡೆದು, 2012ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಶೂವಿನ ಉಳಿದ ಭಾಗ ಬೇರೆ ಬಣ್ಣದ್ದಾಗಿದ್ದಾಗ ಕೆಂಪು ಅಟ್ಟೆ ಅವರದೇ ಗುರುತು ಎಂದು ಹೇಳಿತು. ಇಷ್ಟೆಲ್ಲ ಹೋರಾಡಿ ಉಳಿಸಿಕೊಂಡ ಆ ಕೆಂಪು, ನಮ್ಮ ರಸ್ತೆಯಲ್ಲಿ ಒಂದು ಸಂಜೆ ನಡೆದರೆ ಸವೆದು ಹೋಗುತ್ತದೆ. ಚರ್ಮದ ಅಟ್ಟೆ ಒದ್ದೆ ಗ್ರಾನೈಟಿನ ಮೇಲೆ ಜಾರುತ್ತದೆ ಕೂಡ. ಆದ್ದರಿಂದ ಮೊದಲ ದಿನವೇ ಅನುಭವಿ ರಿಪೇರಿಯವರಿಂದ ಮುಂಗಾಲಿನ ಕೆಳಗೆ ತೆಳುವಾದ ಕೆಂಪು ರಬ್ಬರ್ ಹಾಳೆ ಹಚ್ಚಿಸುವುದು ಜಾಣತನ. ಅಟ್ಟೆ ಕೆಂಪಾಗಿರುವುದು ಕಾಣಲೇಬೇಕೆಂದು ಹಾಗೇ ಬಿಡುವವರ ವಾದವೂ ನನಗೆ ಗೊತ್ತು, ಆದರೆ ಜಾರಿ ಬಿದ್ದವರ ಅಟ್ಟೆ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ.

ಇಡುವ ಕ್ರಮದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ತಿಳಿ ಬಣ್ಣದ ಪೇಟೆಂಟ್ ಚರ್ಮದ ಜೊತೆಯೊಂದನ್ನು ದಿನಪತ್ರಿಕೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟು, ಬೇಸಿಗೆ ಕಳೆದ ಮೇಲೆ ತೆಗೆದು ನೋಡಿದರೆ, ಎಡ ಶೂವಿನ ಮೂತಿಯ ಮೇಲೆ ಸುದ್ದಿಯ ಒಂದು ಸಾಲು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಚ್ಚಾಗಿತ್ತು. ಏನು ಉಜ್ಜಿದರೂ ಹೋಗಲಿಲ್ಲ. ಪೇಟೆಂಟ್ ಚರ್ಮ ಪಕ್ಕದಲ್ಲಿರುವ ಬಣ್ಣವನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಅಚ್ಚಿಲ್ಲದ ಬಿಳಿ ಕಾಗದ ಅಥವಾ ಬಿಳಿ ಹತ್ತಿ ಬಟ್ಟೆಯ ಚೀಲವೇ ಆಗಬೇಕು, ಒಂದೊಂದು ಕಾಲಿನದನ್ನೂ ಬೇರೆ ಬೇರೆ ಇಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಚರ್ಮಕ್ಕೆ ಬೂಷ್ಟು ಬರುವುದು ಖಚಿತ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ನೆರಳಿನಲ್ಲಿ ಗಾಳಿಗಿಡಿ, ಬಿಸಿಲಿಗೆ ಒಡ್ಡಬೇಡಿ.

ಹಿಮ್ಮಡಿಯ ತುದಿಯ ಚಿಕ್ಕ ಬಿಲ್ಲೆ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ನಡೆಯುವಾಗ ಬರುವ ಸದ್ದಿಗೆ ಕಿವಿಗೊಡಿ: ಮಂದವಾದ ಟಪ್ ಟಪ್ ಇರುವವರೆಗೆ ತೊಂದರೆಯಿಲ್ಲ, ಅದು ಲೋಹದ ಟಿಣ್ ಎಂದ ದಿನ ಒಳಗಿನ ಮೊಳೆ ನೆಲಕ್ಕೆ ತಾಗಿದೆ ಎಂದರ್ಥ. ಅಂದೇ ಬಿಲ್ಲೆ ಬದಲಿಸಿದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಇನ್ನೊಂದು ಮದುವೆ ಮುಗಿಯಲಿ ಎಂದು ಕಾದರೆ ಹಿಮ್ಮಡಿಯ ಚರ್ಮವೇ ಸುಲಿದು, ಇಡೀ ಹಿಮ್ಮಡಿಯನ್ನು ಬದಲಿಸಬೇಕಾಗುತ್ತದೆ.