ಮನೇಲೇ ಕಟ್ಟಿದ ಕಂಪ್ಯೂಟರಲ್ಲಿ ಮೊದಲ್ನೇ ಅಸೆಂಬ್ಲಿ ಪ್ರೋಗ್ರಾಂ ಓಡ್ಸೋದು

ಬ್ರೆಡ್‌ಬೋರ್ಡ್ (ಬೆಸುಗೆ ಇಲ್ದೆ ವೈರ್ ಚುಚ್ಚೋ ಹಲಗೆ) ಮೇಲೆ 65ಸಿ02 ಪ್ರೊಸೆಸರ್ ಕೂರ್ಸಿ ವೈರೆಲ್ಲಾ ಹಾಕಿ ಆಯ್ತು, ಮುಂದೇನು ಅಂತ ಕೂತಿರೋರಿಗೆ ಇದು. ನನ್ ಬೋರ್ಡಲ್ಲಿ 32 ಕೆಬಿ ಈಈಪ್ರಾಮ್ (ಪವರ್ ಹೋದ್ರೂ ಪ್ರೋಗ್ರಾಂ ಮರೆಯದ ಮೆಮೊರಿ ಚಿಪ್) 8000ದಿಂದ ಕೊನೇವರ್ಗೂ ಇದೆ, ಹೊರಗಿನ ಲೈಟು ಗೀಟು ಜೋಡ್ಸೋ 65ಸಿ22 ಚಿಪ್ 6000ದಲ್ಲಿದೆ, ಅದರ ಪೋರ್ಟ್ ಬಿಗೆ (ಎಂಟು ಪಿನ್ನಿನ ಗುಂಪು) ಎಂಟು ಎಲ್‌ಇಡಿ. ನಿಮ್ದು ಬೇರೆ ಥರ ಇದ್ರೆ ಅಡ್ರೆಸ್ ಬದಲಾಯಿಸ್ಕೊಳಿ. ಅಡ್ರೆಸ್ಸು, ಬೈಟ್‌ಗಳ ಬೆಲೆ ಎಲ್ಲಾ ಹೆಕ್ಸ್ (16ರ ಲೆಕ್ಕ), ಮಿಕ್ಕಿದ್ದು ಮಾಮೂಲಿ ಎಣಿಕೆ.

ಆದೇಶಗಳನ್ನ ಬೈಟ್‌ಗಳಾಗಿ ಬದಲಾಯ್ಸೋ ಅಸೆಂಬ್ಲರ್ ಸಾಫ್ಟ್‌ವೇರ್ ಆಮೇಲೆ ನೋಡೋಣ, ಮೊದಲ್ನೇದನ್ನ ಪೇಪರ್ ಮೇಲೇ ಬರೀರಿ, 15 ಬೈಟ್ ಅಷ್ಟೇ (ಎಡಕ್ಕೆ ಅಡ್ರೆಸ್, ಮಧ್ಯ ಆದೇಶ, ಬಲಕ್ಕೆ ಅದರ ಬೈಟ್‌ಗಳು):

8000: ಎಲ್‌ಡಿಎ #ಎಫ್‌ಎಫ್ = ಎ9 ಎಫ್‌ಎಫ್
8002: ಎಸ್‌ಟಿಎ 6002 = 8ಡಿ 02 60
8005: ಎಲ್‌ಡಿಎ #50 = ಎ9 50
8007: ಸಿಎಲ್‌ಸಿ = 18
8008: ಆರ್‌ಒಆರ್ = 6ಎ
8009: ಎಸ್‌ಟಿಎ 6000 = 8ಡಿ 00 60
800ಸಿ: ಜೆಎಂಪಿ 8008 = 4ಸಿ 08 80

ಎಲ್‌ಡಿಎ ಅಂದ್ರೆ ಒಂದು ಬೆಲೆನ ಪ್ರೊಸೆಸರ್ ಒಳಗೆ ತಗೊಳ್ಳೋದು, ಎಸ್‌ಟಿಎ ಅಂದ್ರೆ ಅದನ್ನ ಆ ಅಡ್ರೆಸ್‌ಗೆ ಬರೆಯೋದು, ಜೆಎಂಪಿ ಅಂದ್ರೆ ಆ ಅಡ್ರೆಸ್‌ಗೆ ಹಾರೋದು. ಮೊದಲ ಎರಡು ಸಾಲು ಪೋರ್ಟನ್ನ ಔಟ್‌ಪುಟ್ ಮಾಡುತ್ತೆ, ಉಳಿದಿದ್ದು ಎರಡು ಲೈಟನ್ನ ಪಕ್ಕಕ್ಕೆ ಜರುಗಿಸ್ತಾ ಹೋಗುತ್ತೆ. ಸಿಎಲ್‌ಸಿ (ಕ್ಯಾರಿನ ಸೊನ್ನೆ ಮಾಡೋದು) ಯಾಕೆ ಅಂದ್ರೆ ಆರ್‌ಒಆರ್ (ಬಿಟ್‌ಗಳನ್ನ ಬಲಕ್ಕೆ ತಿರುಗ್ಸೋದು) ಕ್ಯಾರಿ ಅನ್ನೋ ಒಂಬತ್ತನೇ ಬಿಟ್ ಮೂಲಕ ತಿರುಗುತ್ತೆ, ಪವರ್ ಹಾಕ್ದಾಗ ಕ್ಯಾರಿಲಿ ಏನಿರುತ್ತೋ ದೇವ್ರೇ ಬಲ್ಲ, ಬಿಟ್ರೆ ಒಂದೊಂದ್ಸಲ ಮೂರನೇ ಲೈಟ್ ಬರುತ್ತೆ.

ಈಗ ಎಲ್ಲರೂ ಎಡವೋ ಜಾಗ. ರೀಸೆಟ್ ಆದ್ಮೇಲೆ ಪ್ರೊಸೆಸರ್ ಸೀದಾ 8000ಕ್ಕೆ ಹೋಗಲ್ಲ, ಎಫ್‌ಎಫ್‌ಎಫ್‌ಸಿ ಮತ್ತೆ ಎಫ್‌ಎಫ್‌ಎಫ್‌ಡಿ ಓದಿ ಅಲ್ಲಿರೋ ಅಡ್ರೆಸ್‌ಗೆ ಹೋಗುತ್ತೆ. ಈಈಪ್ರಾಮ್‌ಗೆ ಬರೆಯೋ ಫೈಲಲ್ಲಿ ಅದು 7ಎಫ್‌ಎಫ್‌ಸಿ, ಯಾಕಂದ್ರೆ ಫೈಲು 0ಯಿಂದ ಶುರು. ಅಲ್ಲಿ 00 80 ಅಂತ ಬರೀಬೇಕು, ಚಿಕ್ಕ ಬೈಟ್ ಮೊದಲು. ನಾನು 80 00 ಅಂತ ಬರ್ದು ಒಂದಿಡೀ ಸಂಜೆ ವೈರ್ ಕಿತ್ತು ಕಿತ್ತು ಹಾಕ್ದೆ, ಕೊನೆಗೆ ಅಡ್ರೆಸ್ ಬಸ್ಸಿಗೆ (ಪ್ರೊಸೆಸರ್ ಅಡ್ರೆಸ್ ಕಳ್ಸೋ ವೈರುಗಳು) ಎಲ್‌ಇಡಿ ಹಾಕಿ ನೋಡಿದ್ರೆ ಅದು ಆರಾಮಾಗಿ 0080ಕ್ಕೆ ಹೋಗಿ ಕೂತಿತ್ತು. ಖಾಲಿ ಜಾಗಕ್ಕೆಲ್ಲಾ ಇಎ (ಏನೂ ಮಾಡದ ಆದೇಶ) ತುಂಬಿ, ಪ್ರೋಗ್ರಾಮರಲ್ಲಿ (ಈಈಪ್ರಾಮ್ ಬರೆಯೋ ಸಾಧನ) ಬರ್ದು ಚಿಪ್ ಕೂರ್ಸಿ.

ಕ್ಲಾಕ್ (ಪ್ರೊಸೆಸರನ್ನ ಹೆಜ್ಜೆ ಹೆಜ್ಜೆ ನಡ್ಸೋ ಮಿಡಿತ) ಜೋರಾಗಿ ಓಡ್ಸೋ ಆಸೆ ಈಗ್ಲೇ ಬೇಡ. 1 ಮೆಗಾಹರ್ಟ್ಸಲ್ಲಿ ಎಂಟೂ ಲೈಟು ಮಂಕಾಗಿ ಉರ್ದಂಗೆ ಕಾಣುತ್ತೆ, ತಪ್ಪೋ ಸರಿಯೋ ಗೊತ್ತಾಗಲ್ಲ. 65ಸಿ02 ಕ್ಲಾಕ್ ನಿಲ್ಸಿದ್ರೂ ಒಳಗಿರೋದನ್ನ ಮರೆಯಲ್ಲ (1975ರ ಹಳೇ 6502ರಲ್ಲಿ ಈ ಆಟ ನಡಿಯಲ್ಲ), ಹಾಗಾಗಿ ಒಂದೊಂದೇ ಕ್ಲಾಕ್ ಕೊಡೋಕೆ ಒಂದು ಬಟನ್ ಸಾಕು, ಆದ್ರೆ ಡಿಬೌನ್ಸ್ (ಒತ್ತಿದಾಗ ಬಟನ್ ಅದುರೋದನ್ನ ತಡೆಯೋದು) ಮಾಡಿರ್ಲೇಬೇಕು, ಇಲ್ದಿದ್ರೆ ಒಂದು ಒತ್ತಿಗೆ ನಾಕು ಸೈಕಲ್ ಹಾರುತ್ತೆ. ರೀಸೆಟ್ ಒತ್ತಿ ಹಿಡ್ಕೊಂಡೇ ಎರಡ್ಮೂರು ಕ್ಲಾಕ್ ಕೊಡಿ, ಬಿಡಿ, ಏಳು ಕ್ಲಾಕ್ ಆದ್ಮೇಲೆ ಬಸ್ಸಲ್ಲಿ 8000 ಕಾಣ್ಬೇಕು. ಲೂಪು 2+4+3 ಅಂದ್ರೆ 9 ಸೈಕಲ್, ಲೈಟ್ ಒಂದು ಮನೆ ಜರುಗೋಕೆ 9 ಸಲ ಒತ್ತಬೇಕು, ಕ್ಯಾರಿನೂ ಸೇರಿ 9 ಮನೆ ಇರೋದ್ರಿಂದ ಒಂದು ಸುತ್ತು ಬರೋಕೆ 81 ಸಲ. ಬೆರಳು ನೋಯುತ್ತೆ, ಒಂದ್ಸಲ ಮಾಡಿ ಪರವಾಗಿಲ್ಲ.

ಅಡ್ರೆಸ್ ಹುಚ್ಚುಹುಚ್ಚಾಗಿ ಹಾರಿದ್ರೆ ಕೋಡ್ ಮೇಲೆ ಅನುಮಾನ ಪಡೋ ಮುಂಚೆ ಪ್ರೊಸೆಸರನ್ನ ಮಧ್ಯ ತಡೆಯೋ ಇಲ್ಲಾ ನಿಲ್ಸೋ ಐಆರ್‌ಕ್ಯೂ, ಎನ್‌ಎಂಐ, ಆರ್‌ಡಿವೈ, ಬಿಇ ಪಿನ್ನೆಲ್ಲಾ 5 ವೋಲ್ಟಿಗೆ ಕಟ್ಟಿದೀರಾ ನೋಡಿ.

ಇದು ಓಡಿದ್ಮೇಲೆ ವಿಎಎಸ್‌ಎಂ ಥರದ ಅಸೆಂಬ್ಲರ್ ಹಾಕ್ಕೊಳಿ, ಒಂದು ಬೈಟ್ ಮಧ್ಯ ಸೇರ್ಸಿದ್ರೆ ಜಂಪ್ ಅಡ್ರೆಸ್‌ಗಳನ್ನ ಅದೇ ಸರಿ ಮಾಡ್ಕೊಳುತ್ತೆ. ಜೆಎಸ್‌ಆರ್ (ಬೇರೆ ಕಡೆ ಹೋಗಿ ವಾಪಸ್ ಬರೋ ಆದೇಶ) ಬಳ್ಸೋ ಮುಂಚೆ ಮಾತ್ರ 0100ರಿಂದ 01ಎಫ್‌ಎಫ್‌ವರ್ಗೆ ನಿಜವಾದ ರ‍್ಯಾಮ್ ಇರ್ಲಿ, ವಾಪಸ್ ಬರೋ ಅಡ್ರೆಸ್ ಇಟ್ಕೊಳ್ಳೋ ಸ್ಟ್ಯಾಕ್ ಅಲ್ಲೇ ಇರೋದು.