ಬಾವಿ ನೀರು ಗಾಳಿಸುವ ಕ್ರಮ, ಜೀವಾಣಿ ಬಾವಿಗೆ ಮರಳುವ ತನಕ

ಜೈನರ ಮನೆಗಳಲ್ಲಿ ನೀರು ಗಾಳಿಸುವುದು ಅದರೊಳಗಿನ ತ್ರಸಜೀವಗಳನ್ನು, ಅಂದರೆ ಎರಡೋ ಹೆಚ್ಚೋ ಇಂದ್ರಿಯವುಳ್ಳ ಚಲಿಸುವ ಜೀವಗಳನ್ನು, ಉಳಿಸಲಿಕ್ಕೆ. ಆದ್ದರಿಂದ ಕೊಡ ತುಂಬಿದಲ್ಲಿಗೆ ಅರ್ಧ ಕೆಲಸವಷ್ಟೇ ಆಯಿತು.

ದಪ್ಪ ನೇಯ್ಗೆಯ ಬಿಳಿ ಹತ್ತಿ ಬಟ್ಟೆ ಬೇಕು, ಖಾದಿ ಉತ್ತಮ. ರೂಢಿಯ ಅಳತೆ 36 ಅಂಗುಲ ಉದ್ದ, 24 ಅಂಗುಲ ಅಗಲ. ಎರಡು ಮಡಿಕೆ ಮಾಡಿ ಬೆಳಕಿಗೆ ಹಿಡಿದಾಗ ಬಿಸಿಲು ನೇರ ತೂರಿ ಬರಬಾರದು. ಸವೆದ ಸೀರೆ, ನೈಲಾನ್ ಜಾಲರಿ ಆಗದು. ಕೊಡದ ಬಾಯಿಗೆ ಬಟ್ಟೆಯನ್ನು ಸ್ವಲ್ಪ ತಗ್ಗಾಗಿ ಹಾಸಿ, ನಿಧಾನ ಸುರಿಯಿರಿ. ರಭಸಕ್ಕೆ ಅಂಚು ಜಾರಿದರೆ ಗಾಳಿಸದ ನೀರು ಒಳಗಿಳಿಯುತ್ತದೆ. ಆಗ ಇಡೀ ಕೊಡವನ್ನು ಮತ್ತೆ ಗಾಳಿಸಬೇಕು.

ಬಟ್ಟೆಯಲ್ಲಿ ಉಳಿದದ್ದೇ ಜೀವಾಣಿ. ಬಟ್ಟೆ ಹಿಂಡಬೇಡಿ, ಹಿಂಡಿದರೆ ಉಳಿಸಿದ ಜೀವ ಅಲ್ಲೇ ಸಾಯುತ್ತದೆ. ಬಟ್ಟೆಯನ್ನು ತಿರುಗಿಸಿ, ಗಾಳಿಸಿದ ನೀರನ್ನೇ ಹೊರಮೈಗೆ ಹೊಯ್ದು ಪಾತ್ರೆಗಿಳಿಸಿ. ಅದು ಬಂದ ಬಾವಿಗೇ ಹೋಗಬೇಕು: ಹೊನ್ನಾವರ, ಭಟ್ಕಳದ ಕಡಲಂಚಿನ ಸವಳು ಬಾವಿಯ ಜೀವ ಸಿಹಿನೀರಲ್ಲಿ ಬದುಕೀತೆಂಬ ಭರವಸೆಯಿಲ್ಲ. ಶಿರಸಿ ಕಡೆ ದಬ್ಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ಕಾಲುವೆಯಲ್ಲಿ, ಬರುವ ಅಬ್ಬಿ (ಬೆಟ್ಟದ ಒರತೆ) ನೀರಾದರೆ ಅದೇ ಹರಿವಿಗೆ ಬಿಡಿ. ಕಟ್ಟೆಯ ಮೇಲಿಂದ ಸುರಿದರೆ ಪೆಟ್ಟು ಬೀಳುತ್ತದೆ. ತಳಕ್ಕೆ ಬಳೆಯಿರುವ ಬಾಲ್ದಿ ಇಟ್ಟುಕೊಳ್ಳಿ. ಹಿಡಿಕೆಗೊಂದು ಹಗ್ಗ, ಬಳೆಗೊಂದು ತೆಳು ಹಗ್ಗ. ಬಾಲ್ದಿ ನೀರು ಮುಟ್ಟಿದ ಮೇಲೆ ತೆಳು ಹಗ್ಗ ಎಳೆದು ಬೋರಲು ಮಾಡಿ. ಮೋಟರಿದ್ದರೂ ಕುಡಿಯುವ ನೀರನ್ನಾದರೂ ಕೈಯಲ್ಲಿ ಸೇದುವುದೇ ಸರಿ. ಪಂಪಿನೊಳಗೆ ಹೋದ ಜೀವವನ್ನು ಬಟ್ಟೆ ಉಳಿಸಲಾರದು.

ಆಷಾಢದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಬೂಷ್ಟು ಹಿಡಿದರೆ ಅದೂ ಹೊಸ ಜೀವೋತ್ಪತ್ತಿಯೇ. ಮೂರು ಬಟ್ಟೆ ಸರದಿಯಲ್ಲಿಟ್ಟು, ಒಲೆಯ ಮೇಲಿನ ಅಟ್ಟದ ಹತ್ತಿರ ಹರವಿ.

ಗಾಳಿಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷದ ಅವಧಿ; ಮುಗಿದರೆ ಪುನಃ ಗಾಳಿಸಬೇಕು. ದಿಗಂಬರ ರೂಢಿಯಲ್ಲಿ ಬಣ್ಣ, ರುಚಿ ಬದಲಾಗುವಷ್ಟು ಲವಂಗದ ಪುಡಿ ಬೆರೆಸಿದರೆ 6 ಗಂಟೆ, ಚೆನ್ನಾಗಿ ಕುದಿಸಿದರೆ 24 ಗಂಟೆ ಪ್ರಾಸುಕ, ಅಂದರೆ ಜೀವರಹಿತ. ನಾಲ್ಕೇ ಲವಂಗ ತೇಲಿಬಿಟ್ಟರೆ ಸಾಲದು. ಬಟ್ಟೆ ಎಲ್ಲ ರೋಗಾಣುಗಳನ್ನೂ ತಡೆಯಲಾರದು, ಹಾಗಾಗಿ ಮಳೆಗಾಲದಲ್ಲಿ ಕುದಿಸುವುದೇ ಲೇಸು. ಆದರೆ 24 ಗಂಟೆ ದಾಟಿದ್ದನ್ನು ಮತ್ತೆ ಕುದಿಸಿ ಬಳಸುವಂತಿಲ್ಲ. ಆ ದಿನಕ್ಕೆ ಬೇಕಾದಷ್ಟೇ ಹಂಡೆಗೆ ಹಾಕಿ.