5.6502: ನಾನು ಎಂಜಿನಿಯರಿಂಗ್ ಎಕನಾಮಿಕ್ಸ್ ಪುಸ್ತಕ ಬರೆದದ್ದು

ಪಾಠ ಮಾಡೋಕೆ ಬರುವ ಮೊದಲು ನಾಲ್ಕು ವರ್ಷ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿದ್ದೆ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ. ಅಲ್ಲೊಂದು ಹಳೇ ಲೇಥ್, ಲೋಹ ಕಡೆಯುವ ಯಂತ್ರ, ಇತ್ತು. ತಿಂಗಳಿಗೆ ಎರಡು ಸಲ ಕೈಕೊಡುತ್ತಿತ್ತು. ಅದನ್ನು ಮಾರಿ ಹೊಸದು ತಗೊಳ್ಳೋಣ ಅಂತ ಲೆಕ್ಕ ಹಾಕಿ ಮಾಲೀಕರ ಮುಂದಿಟ್ಟೆ. ಅವರು ಹಾಳೆ ಮುಟ್ಟಲೂ ಇಲ್ಲ. "ಹೋದ ವರ್ಷನ ಇದಕ್ಕ ನಲವತ್ತು ಸಾವಿರ ಹಾಕೇನಿ. ಈಗ ಹೆಂಗ ಬಿಡ್ಲಿ?" ಅಂದರು.

ಆ ನಲವತ್ತು ಸಾವಿರ ಲೇಥ್ ಇಟ್ಟುಕೊಂಡರೂ ವಾಪಸ್ ಬರಲ್ಲ, ಮಾರಿದರೂ ಬರಲ್ಲ. ಹಾಗಾಗಿ ಅದನ್ನು ಲೆಕ್ಕಕ್ಕೇ ಹಿಡಿಯಬಾರದು. ಇದಕ್ಕೆ ಸಂಕ್ ಕಾಸ್ಟ್ ಅಂತ ಹೆಸರಿದೆ ಅನ್ನೋದು ನನಗೆ ಗೊತ್ತಿತ್ತು. ಮಾಲೀಕರಿಗೆ ಅದನ್ನು ಹೇಗೆ ಹೇಳಬೇಕು ಅನ್ನೋದು ಗೊತ್ತಿರಲಿಲ್ಲ.

1988ರಲ್ಲಿ ಕಾಲೇಜಿಗೆ ಸೇರಿದೆ. ಥರ್ಮೋಡೈನಮಿಕ್ಸ್, ಮೆಷಿನ್ ಡಿಸೈನ್ ಎಲ್ಲ ಸೀನಿಯರ್‌ಗಳು ಹಂಚಿಕೊಂಡ ಮೇಲೆ ಉಳಿದದ್ದು ಎಂಜಿನಿಯರಿಂಗ್ ಎಕನಾಮಿಕ್ಸ್. ಯಂತ್ರಕ್ಕೋ ಯೋಜನೆಗೋ ಹಾಕುವ ದುಡ್ಡು ಗಿಟ್ಟುತ್ತದೆಯೇ ಅಂತ ಲೆಕ್ಕ ಹಾಕುವ ವಿಷಯ. ಅದು ಹೊಸಬನ ತಲೆಗೆ ಬಂತು. ಲೈಬ್ರರಿಯಲ್ಲಿ ಇದ್ದದ್ದು ಅಮೆರಿಕದ ಪುಸ್ತಕಗಳು. ವಿಷಯ ಬೆಳೆದದ್ದೇ ಅಲ್ಲಿ, ಬಿಡಿ. ರೈಲು ಹಳಿಯನ್ನು ಎಲ್ಲಿ ಹಾಸಿದರೆ ಲಾಭ ಅಂತ ಆರ್ಥರ್ ವೆಲಿಂಗ್ಟನ್ ಎಂಬ ಎಂಜಿನಿಯರ್ 1887ರಲ್ಲೇ ದಪ್ಪ ಪುಸ್ತಕ ತಂದಿದ್ದ. ಆದರೆ ಸವಕಳಿಯ, ಅಂದರೆ ಯಂತ್ರ ಹಳೆಯದಾದಂತೆ ಅದರ ಬೆಲೆ ಇಳಿಯೋದರ, ಅಧ್ಯಾಯದಲ್ಲಿ ಇದ್ದದ್ದು ಅವರ ತೆರಿಗೆ ಕಾನೂನು. ನಮ್ಮ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಒಂದೇ ಬಗೆಯ ಆಸ್ತಿಗಳನ್ನು ಒಂದು ಬ್ಲಾಕ್ ಮಾಡಿ, ಉಳಿದ ಬೆಲೆಯ ಮೇಲೆ ಸವಕಳಿ ಹಿಡೀತಾರೆ. ಇದು ಆ ಪುಸ್ತಕಗಳಲ್ಲಿ ಎಲ್ಲಿ ಸಿಗಬೇಕು? ಹುಡುಗರು ಡಾಲರ್ ಲೆಕ್ಕ ಬಾಯಿಪಾಠ ಮಾಡಿ ಪಾಸಾಗುತ್ತಿದ್ದರು.

ಒಂದು ದಿನ ಹಿಂದಿನ ಬೆಂಚಿನ ಹುಡುಗ ಹೊಸ ಬೈಕಿನಲ್ಲಿ ಬಂದ. "ಬರೀ 12 ಪರ್ಸೆಂಟ್ ಸಾಲ ಸರ್, ಫ್ಲ್ಯಾಟ್ ರೇಟ್" ಅಂದ. 30,000 ಸಾಲ, ಮೂರು ವರ್ಷಕ್ಕೆ ಬಡ್ಡಿ 10,800, ಒಟ್ಟು 40,800. ತಿಂಗಳಿಗೆ ಸುಮಾರು 1,133 ರೂಪಾಯಿಯಂತೆ 36 ಕಂತು. ಬೋರ್ಡಿನ ಮೇಲೆ ಕ್ಯಾಷ್ ಫ್ಲೋ ಡಯಾಗ್ರಮ್ ಬರೆದೆ. ಕೈಗೆ ಬಂದ ಸಾಲಕ್ಕೆ ಮೇಲಕ್ಕೆ ಒಂದು ಉದ್ದ ಬಾಣ, ಕಟ್ಟುವ ಕಂತುಗಳಿಗೆ ಕೆಳಕ್ಕೆ 36 ಸಣ್ಣ ಬಾಣ. "ಪ್ರತಿ ತಿಂಗಳೂ ಅಸಲಿನಲ್ಲಿ ಸ್ವಲ್ಪ ತೀರಿಸ್ತಾ ಇದ್ದೀಯ. ಬಡ್ಡಿ ಮಾತ್ರ ಕೊನೇ ತಿಂಗಳವರೆಗೂ ಪೂರ್ತಿ 30,000ಕ್ಕೆ ಕಟ್ತಾ ಇದ್ದೀಯ ಅಲ್ವಾ?" ಅಂತ ಕೇಳಿದೆ. ತರಗತಿ ತಣ್ಣಗಾಯಿತು. ಉಳಿದ ಅಸಲಿಗೆ ಮಾತ್ರ ಬಡ್ಡಿ ಅಂತ ಹಿಡಿದು ತಿಂಗಳಿಗೆ 1.75 ಪರ್ಸೆಂಟ್ ಹಾಕಿ ನೋಡಿದೆವು, ಕಂತು 1,133ಕ್ಕಿಂತ ಸ್ವಲ್ಪ ಕಡಿಮೆಯಾಯಿತು. 1.8 ಹಾಕಿದೆವು, ಜಾಸ್ತಿಯಾಯಿತು. ಕೊನೆಗೆ ವರ್ಷಕ್ಕೆ 21 ಪರ್ಸೆಂಟ್‌ಗಿಂತ ಮೇಲೆ ಬಂತು. ಆ ಹುಡುಗನ ಮುಖ ನೋಡಿ ಪಾಪ ಅನ್ನಿಸಿತು. ಆದರೆ ಹೀಗೆ ನಿಜವಾದ ದರ ಹುಡುಕುವ ರೇಟ್ ಆಫ್ ರಿಟರ್ನ್ ಲೆಕ್ಕ ಆ ಬ್ಯಾಚಿಗೆ ಮರೆತುಹೋಗಲಿಲ್ಲ.

ಮುಂದಿನ ವಾರ ಹುಡುಗರೇ ಲೆಕ್ಕ ತರತೊಡಗಿದರು. ಒಬ್ಬನ ತಾಯಿ ಚೀಟಿ ಹಾಕಿದ್ದರು, ಮೊದಲ ತಿಂಗಳೇ ಕೂಗಿ ಎತ್ತಿಕೊಂಡರೆ ಎಷ್ಟು ಬಡ್ಡಿ ಬಿದ್ದ ಹಾಗೆ? ಇನ್ನೊಬ್ಬನ ಹೊಲದಲ್ಲಿ ಹಳೇ ಪಂಪ್‌ಸೆಟ್, ಮೋಟಾರ್ ರಿವೈಂಡ್ ಮಾಡಿಸೋದಾ, ಹೊಸದು ತರೋದಾ? ನನ್ನ ನೋಟ್ಸಿನಲ್ಲಿ ಡಾಲರ್ ಹೋಗಿ ಇವೆಲ್ಲ ಬಂದವು. ಫೌಂಡ್ರಿಯ ಲೇಥ್ ಕೂಡ ಬಂತು. ಐದಾರು ವರ್ಷದಲ್ಲಿ ನೋಟ್ಸೇ ಪುಸ್ತಕವಾಯಿತು.

ಬರೆಯೋದು ಕಷ್ಟವಾಗಲಿಲ್ಲ. ಕಾಡಿದ್ದು ಪುಸ್ತಕದ ಕೊನೆಯ ಬಡ್ಡಿ ಟೇಬಲ್‌ಗಳು. ಕಾಲೇಜಿನ ಕಂಪ್ಯೂಟರಿನಲ್ಲಿ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ತೆಗೆದೆ. ಅವು ಸರಿಯಾಗೇ ಇದ್ದವು. ಪ್ರೆಸ್ಸಿನಲ್ಲಿ ಎಲ್ಲವನ್ನೂ ಮತ್ತೆ ಕೂತು ಟೈಪ್ ಮಾಡಿದರು. ಪ್ರೂಫ್ ತಿದ್ದಿದವನು ನಾನೇ. ರಾತ್ರಿ ಹನ್ನೊಂದರ ಮೇಲೆ, ಒಬ್ಬನೇ.

ಪುಸ್ತಕ ಬಂದ ಕೆಲವು ತಿಂಗಳಿಗೆ ಬೇರೆ ಊರಿನ ವಿದ್ಯಾರ್ಥಿಯೊಬ್ಬನ ಪೋಸ್ಟ್ ಕಾರ್ಡ್ ಬಂತು. "12 ಪರ್ಸೆಂಟ್, 10 ವರ್ಷದ ಪ್ರೆಸೆಂಟ್ ವರ್ತ್ 5.6502 ಬರಬೇಕಲ್ಲವೇ ಸರ್? ನಿಮ್ಮ ಪುಸ್ತಕದಲ್ಲಿ 5.6052 ಇದೆ." ಹತ್ತು ವರ್ಷ ವರ್ಷಕ್ಕೊಂದು ರೂಪಾಯಿ ಬರುವುದಾದರೆ ಅದರ ಇಂದಿನ ಬೆಲೆ ಎಷ್ಟು ಅಂತ ಹೇಳುವ ಅಂಕಿ ಅದು. ಎರಡು ಅಂಕಿ ಜಾಗ ಬದಲಿಸಿದ್ದವು, ಅಷ್ಟೇ. ಆದರೆ ಅದೇ ಟೇಬಲ್ ಬಳಸುವ ಒಂದು ಲೆಕ್ಕ ಆ ಅಧ್ಯಾಯದಲ್ಲಿತ್ತು. 2,81,500 ರೂಪಾಯಿಯ ಮೆಷಿನ್, ಹತ್ತು ವರ್ಷ ವರ್ಷಕ್ಕೆ 50,000 ಉಳಿತಾಯ. ಸರಿಯಾದ ಅಂಕಿಯಿಂದ ಉಳಿತಾಯದ ಇಂದಿನ ಬೆಲೆ 2,82,510, ಅಂದರೆ ಮೆಷಿನ್ ತಗೊಳ್ಳಬಹುದು. ತಪ್ಪು ಅಂಕಿಯಿಂದ 2,80,260, ಅಂದರೆ ಬೇಡ. ನನ್ನ ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರಕ್ಕೆ ನನ್ನದೇ ಟೇಬಲ್ ಉಲ್ಟಾ ಹೊಡೆಯುತ್ತಿತ್ತು! ಎಷ್ಟು ಹುಡುಗರು ತಾವೇ ತಪ್ಪು ಮಾಡಿದ್ದೇವೆ ಅಂದುಕೊಂಡು ಮತ್ತೆ ಮತ್ತೆ ಲೆಕ್ಕ ಹಾಕಿರಬೇಕೋ. ಕಾರ್ಡು ಬರೆದವನು ಒಬ್ಬನೇ.

ರಾಯಲ್ಟಿ ವಿಷಯ ಕೇಳುವವರಿಗೆ: ಮೊದಲ ವರ್ಷ ಬಂದದ್ದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ. ಕೂತ ಗಂಟೆಗಳಿಗೆ ಬೆಲೆ ಕಟ್ಟಿ ಯಾವನಾದರೂ ವಿದ್ಯಾರ್ಥಿ ಈ ಪ್ರಾಜೆಕ್ಟ್ ತಂದಿದ್ದರೆ, ರಿಜೆಕ್ಟ್ ಅಂತ ಕೆಂಪು ಇಂಕಿನಲ್ಲಿ ಬರೀತಿದ್ದೆ. ಪರೀಕ್ಷೆಗೆ ಮೂರು ದಿನ ಇರುವಾಗ ಹುಡುಗರು ಕೊಳ್ಳೋದು ಗೈಡನ್ನೇ. ಅದರಲ್ಲಿ ನನ್ನ ಬೈಕಿನ ಲೆಕ್ಕ ಹೆಸರಿಲ್ಲದೆ ಬಂದದ್ದನ್ನು ನೋಡಿದ್ದೇನೆ. ಮೊದಲು ಸಿಟ್ಟು ಬಂತು, ಆಮೇಲೆ ಯಾಕೋ ಖುಷಿಯೂ ಆಯಿತು.

1998ರಲ್ಲಿ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಶುರುವಾಯಿತು. ಅಲ್ಲಿಂದ ಸಿಲಬಸ್ ಬದಲಾದ ಹಾಗೆಲ್ಲ ಅಧ್ಯಾಯಗಳನ್ನು ಆಚೀಚೆ ಮಾಡಿದೆ. 2005ರಲ್ಲಿ ಯಂತ್ರಗಳ ಸಾಮಾನ್ಯ ಸವಕಳಿ ದರ 25ರಿಂದ 15 ಪರ್ಸೆಂಟ್‌ಗೆ ಇಳಿದಾಗ ಒಂದಿಡೀ ಅಧ್ಯಾಯದ ಲೆಕ್ಕಗಳನ್ನು ಮತ್ತೆ ಹಾಕಬೇಕಾಯಿತು.

ಆ ಕಾರ್ಡು ಬಂದ ಮೇಲೆ ಪ್ರೂಫನ್ನು ಒಬ್ಬನೇ ನೋಡೋದು ಬಿಟ್ಟೆ. ಊಟ ಆದ ಮೇಲೆ ಮಗಳು ಡಾಟ್ ಮ್ಯಾಟ್ರಿಕ್ಸ್ ಹಾಳೆ ಹಿಡಿದು ಒಂದೊಂದೇ ಅಂಕಿ ಜೋರಾಗಿ ಓದುತ್ತಿದ್ದಳು, ನಾನು ಪ್ರೂಫಿನ ಮೇಲೆ ಪೆನ್ಸಿಲ್ ಓಡಿಸುತ್ತಿದ್ದೆ. 12 ಪರ್ಸೆಂಟ್ ಪುಟ ಬಂದಾಗ ಅವಳು ನನ್ನ ಮುಖ ನೋಡಿ, ಬೇಕಂತಲೇ ನಿಧಾನವಾಗಿ ಓದೋಳು: "ಐದು, ಪಾಯಿಂಟ್, ಆರು, ಐದು, ಸೊನ್ನೆ, ಎರಡು."